ಬೆಳ್ಳುಳ್ಳಿ ನಾರುವ ಕಲ್ಲು

2025ರ ಮಾರ್ಚ್ 23, ಬೆಳಿಗ್ಗೆ 8.10ಕ್ಕೆ ಸಂಪಿಗೆಕೊಪ್ಪ ಪೊಲೀಸ್ ಠಾಣೆಯ ಮುಂದೆ ನೇರಳೆಹಡ್ಲು ಎಸ್ಟೇಟಿನ ಜೀಪು ಬಂದು ನಿಂತಿತು. ಇಳಿದವನು ಎಸ್ಟೇಟಿನ ರೈಟರ್ ಶಶಿಕಿರಣ್. ತೋಟದ ಹಾಜರಿ ಪುಸ್ತಕ, ಯಜಮಾನರ ಮೊಬೈಲು, ಯಜಮಾನರ ಕೊಡೆ ಎಲ್ಲವನ್ನೂ ಹಿಡಿದುಕೊಂಡು ಓಡಾಡುವ ಮನುಷ್ಯ. ಅವತ್ತು ಅವನ ಕೈಯಲ್ಲಿದ್ದದ್ದು ಪ್ಲಾಸ್ಟಿಕ್ ಫೈಲು, ಅದರೊಳಗೆ ಟೈಪ್ ಮಾಡಿದ ದೂರು, ಎರಡು ಪ್ರತಿ. ತೋಟದಲ್ಲಿ ಹನ್ನೊಂದು ಜನ ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದ್ದರು, ಒಬ್ಬರು ಸತ್ತಿದ್ದರು. ಇವನ ಅಂಗಿಯ ಇಸ್ತ್ರಿ ಮಾತ್ರ ಮುರಿದಿರಲಿಲ್ಲ.

ದೂರಿನ ಸಾರಾಂಶ ಇಷ್ಟು: ಮಾರ್ಚ್ 21ರ ಸಂಜೆ ತೋಟದಲ್ಲಿ ಹೂಮಳೆ ಬಿತ್ತು. 22ರ ಬೆಳಿಗ್ಗೆಯಿಂದ ಲೈನುಮನೆಗಳ ಕೂಲಿಕಾರರಿಗೆ ವಾಂತಿ, ಭೇದಿ, ಹೊಟ್ಟೆನೋವು. 23ರ ಬೆಳಗಿನ ಜಾವ 4 ಗಂಟೆಗೆ ಬೆಳ್ಳಿಯಪ್ಪ, 58 ವರ್ಷ, ಆಸ್ಪತ್ರೆಯಲ್ಲಿ ಮೃತ. ಇದಕ್ಕೆ ಕಾರಣ ಕೂಲಿ ಹೆಂಗಸು ಅಂಜನಮ್ಮ, 41 ವರ್ಷ. ಈಕೆ 20ರ ಸಂಜೆ ಕುಡಿಯುವ ನೀರಿನ ಟ್ಯಾಂಕಿಗೆ ಬಿಳಿ ಪುಡಿ ಸುರಿಯುವುದನ್ನು ರೈಟರ್ ಕಣ್ಣಾರೆ ಕಂಡಿದ್ದಾನೆ. ಎಸ್ಟೇಟಿನ ಮೇಲೆ ಈಕೆಗೆ ಹಳೆಯ ದ್ವೇಷವಿದೆ.

ದೂರಿನಲ್ಲಿ ಸತ್ತವರ ಹೆಸರು, ವಯಸ್ಸು, ಸತ್ತ ತಾರೀಕು, ಗಂಟೆ ಮಾತ್ರ ನೀಲಿ ಪೆನ್ನಿನಲ್ಲಿ ತುಂಬಿದ್ದವು. ಇನ್‌ಸ್ಪೆಕ್ಟರ್ ಭುವನಾ ಅದನ್ನು ನೋಡಿದರು, ಸ್ವೀಕೃತಿ ಬರೆದು ಸಹಿ ಹಾಕಿದರು, ಅದರ ಬಗ್ಗೆ ಯೋಚಿಸಲಿಲ್ಲ. 8.50ಕ್ಕೆ ಎಫ್‌ಐಆರ್ ಆಯಿತು. ಅಪರಾಧ ಸಂಖ್ಯೆ 31/2025, ಭಾರತೀಯ ನ್ಯಾಯ ಸಂಹಿತೆ ಕಲಂ 103 ಮತ್ತು 123. ಕೊಲೆ, ಮತ್ತು ವಿಷವಿಕ್ಕಿ ನೋವುಂಟುಮಾಡಿದ್ದು.

ಹೂಮಳೆಯ ಬಗ್ಗೆ ಒಂದು ಮಾತು. ಮಾರ್ಚ್ ಏಪ್ರಿಲ್ ಹೊತ್ತಿಗೆ ಬೀಳುವ ಒಂದು ಹದವಾದ ಮಳೆಗೆ ಕಾಫಿ ಗಿಡ ಮೈತುಂಬ ಹೂ ಬಿಡುತ್ತದೆ. ಆ ಮಳೆ ಬಿದ್ದ ದಿನ ಮೂಡಿಗೆರೆಯಿಂದ ಕಳಸದವರೆಗೆ ಬೆಳೆಗಾರರು ಒಬ್ಬರಿಗೊಬ್ಬರು ಫೋನು ಮಾಡಿ ಎಷ್ಟು ಇಂಚು, ಇಂಚಿನ ನೂರನೇ ಪಾಲಾದ ಸೆಂಟ್ ಎಷ್ಟು ಎಂದು ಕೇಳಿಕೊಳ್ಳುತ್ತಾರೆ. ಮನೆಯಲ್ಲಿ ಮಗು ಹುಟ್ಟಿದರೂ ಅಷ್ಟು ಫೋನು ಹೋಗುವುದಿಲ್ಲ.

ಬೆಳಿಗ್ಗೆ 11.30ಕ್ಕೆ ಭುವನಾ, ಹೆಡ್ ಕಾನ್ಸ್‌ಟೇಬಲ್ ತಿಮ್ಮಪ್ಪ ಮತ್ತು ಇಬ್ಬರು ಪೇದೆಗಳು ನೇರಳೆಹಡ್ಲು ತಲುಪಿದರು. ಎಸ್ಟೇಟಿನ ಮಾಲೀಕ ಜಯದೇವಪ್ಪ, 63 ವರ್ಷ, ಬಂಗಲೆಯ ವರಾಂಡದಲ್ಲಿ ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದ. ಅವನಿಗೆ ಬಹುವಚನ ಹಚ್ಚುವ ಮನಸ್ಸು ಈ ಕತೆಗಿಲ್ಲ. ಊರೆಲ್ಲ ಅರವತ್ತು ವರ್ಷ ಹಚ್ಚಿ ಬೇಕಾದಷ್ಟಾಗಿದೆ.

"ಒಂದು ಇಂಚು ಇಪ್ಪತ್ತು ಸೆಂಟ್ ಮೇಡಂ," ಎಂದ ಕೂತಲ್ಲಿಂದಲೇ. "ಕಳಸದ ಕಡೆ ಬರೀ ನಲವತ್ತು ಸೆಂಟ್ ಅಂತೆ. ನಮ್ಗೆ ದೇವ್ರು ಕೊಟ್ಟ."

ಆಮೇಲೆ ನೆನಪಾದವನಂತೆ, "ಪಾಪ, ಬೆಳ್ಳಿಯಪ್ಪ," ಎಂದ.

"ಬಂಗಲೆಯಲ್ಲೂ ಆ ಟ್ಯಾಂಕಿನ ಒರತೆ ನೀರೇ ಕುಡೀತೀರಾ?" ಭುವನಾ ಕೇಳಿದರು.

"ನಮ್ಮ ತಾತನ ಕಾಲದ ಒರತೆ ಅದು. ಅದೇ ನೀರು ಕುಡಿದು ಬೆಳೆದವ್ರು ನಾವು."

ಕೇಳಿದ ಪ್ರಶ್ನೆಗೆ ಅದು ಉತ್ತರವೇ ಅಲ್ಲ. ಆದರೂ ಭುವನಾ ತಮ್ಮ ಪುಸ್ತಕದಲ್ಲಿ "ಹೌದು" ಎಂದು ಬರೆದುಕೊಂಡರು. ಬೆಳಿಗ್ಗೆಯಿಂದ ಮೇಲಿನವರ ಆರು ಫೋನು ಬಂದಿದ್ದವು, ಆರೂ ಜನ ಕೇಳಿದ್ದು ಒಂದೇ: ಆ ಹೆಂಗಸನ್ನು ಹಿಡಿದಾಯಿತೇ?

ಲೈನುಮನೆಗಳೆಂದರೆ ಕೂಲಿ ಕುಟುಂಬಗಳಿಗೆ ತೋಟದೊಳಗೆ ಸಾಲಾಗಿ ಕಟ್ಟಿಕೊಟ್ಟ ಒಂದೊಂದು ಕೋಣೆಯ ಗೂಡುಗಳು. ಅಲ್ಲಿಂದ ಹತ್ತು ನಿಮಿಷ ಮೇಲೆ ಹತ್ತಿದರೆ ಒರತೆ, ಅದಕ್ಕೆ ಕಟ್ಟಿದ ಸಿಮೆಂಟ್ ಟ್ಯಾಂಕು. ಟ್ಯಾಂಕಿನ ಹಿಂದೆ ಹೋದ ಬೇಸಿಗೆಯಲ್ಲಿ ಗುಡ್ಡವನ್ನು ಇಪ್ಪತ್ತು ಅಡಿ ಸೀಳಿದ್ದರು. ಹೋಂಸ್ಟೇಗೆ ಬರುವ ಅತಿಥಿಗಳು ನಿಂತು ಫೋಟೊ ಹೊಡೆದುಕೊಳ್ಳಲು ಅಲ್ಲೊಂದು ಗಾಜಿನ ಕಟ್ಟೆ ಎದ್ದಿತ್ತು. ಸಿಡಿಸಿ ತೆಗೆದ ಕಪ್ಪು ಕಲ್ಲನ್ನು ದೂರ ಸಾಗಿಸುವ ತೊಂದರೆ ಯಾಕೆಂದು ಟ್ಯಾಂಕಿನ ಸುತ್ತಲೇ ತುಂಬಿಸಿ, ನೀರು ಸೋಸುತ್ತದೆ ಎಂದು ಹೇಳಿಕೊಂಡಿದ್ದರು. ಟ್ಯಾಂಕಿನ ನೀರು ಇಟ್ಟಿಗೆ ಕದಡಿದ ಬಣ್ಣಕ್ಕಿತ್ತು. ಎರಡು ಬಾಟಲಿ ನೀರು ತುಂಬಿ ಸೀಲು ಮಾಡಿ, ಟ್ಯಾಂಕಿನ ಅಂಚಿನಲ್ಲಿ ಬಿದ್ದಿದ್ದ ಬಿಳಿ ಪುಡಿಯ ಚೀಲವನ್ನು ವಶಕ್ಕೆ ಪಡೆದು, 1.20ಕ್ಕೆ ಪಂಚನಾಮೆ ಮುಗಿಸಿದರು. ಕಲ್ಲನ್ನು ಯಾರೂ ನೋಡಲಿಲ್ಲ. ಪಂಚನಾಮೆಯಲ್ಲಿ ಕಲ್ಲಿಗೆ ಒಂದು ಸಾಲೂ ಇಲ್ಲ.

ಅಂಜನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮಗಳ ಮಂಚದ ಪಕ್ಕ ಕೂತಿದ್ದರು. ಹತ್ತನೇ ತರಗತಿಯ ಹುಡುಗಿ, ಕೈಗೆ ಡ್ರಿಪ್ಪು. ಅಂಜನಮ್ಮನಿಗೂ ಎರಡು ದಿನದಿಂದ ವಾಂತಿ, ಆದರೆ ಅವರಿಗೆ ಮಂಚ ಸಿಕ್ಕಿರಲಿಲ್ಲ. ಮಧ್ಯಾಹ್ನ 2.15ಕ್ಕೆ ವಿಚಾರಣೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ನಡೆಯಿತು.

"ಟ್ಯಾಂಕಿಗೆ ಏನು ಹಾಕಿದ್ರಿ?"

"ಸುಣ್ಣ."

"ಯಾಕೆ?"

"ನೀರು ಕೆಂಪಗೆ ಬರ್ತಿತ್ತು ಮೇಡಂ. ಬಾಯಿಗಿಟ್ರೆ ಹುಳಿ. ಸುಣ್ಣ ಹಾಕಿದ್ರೆ ಕೆಂಪು ತಳಕ್ಕೆ ಕೂರ್ತದೆ, ಹುಳಿನೂ ಹೋಗ್ತದೆ."

"ಯಾರು ಹೇಳಿದ್ದು ಹಾಗಂತ?"

"ಯಾರು ಹೇಳ್ಬೇಕು? ಮಳೆಗಾಲಕ್ಕೆ ಮುಂಚೆ ಕೊಳೆರೋಗದ ಔಷಧಿಗೆ ಮೈಲುತುತ್ತ ಸುಣ್ಣ ಕಲಸೋದು ನಾವೇ ಅಲ್ವಾ. ತುತ್ತದ ಹುಳಿ ಸುಣ್ಣದಲ್ಲೇ ಸಾಯೋದು."

"ಸುಣ್ಣ ಎಲ್ಲಿಂದ ತಂದ್ರಿ?"

"ಔಷಧಿ ಶೆಡ್ಡಿಂದ."

"ಕೇಳಿ ತಂದ್ರಾ?"

ಅಂಜನಮ್ಮ ತಲೆ ತಗ್ಗಿಸಿದರು. "ಇಲ್ಲ," ಎಂದರು.

ಆ ಒಂದು "ಇಲ್ಲ" ಸಾಕಾಯಿತು. ಕೇಳದೆ ತಂದಳು, ಟ್ಯಾಂಕಿಗೆ ಸುರಿದಳು, ಒಬ್ಬರು ಸತ್ತರು. ಹೋದ ವರ್ಷ ನೀರು ಸರಿಯಿಲ್ಲವೆಂದು ಪಂಚಾಯ್ತಿಗೆ ಕೊಟ್ಟ ಅರ್ಜಿಯಲ್ಲಿ ಮೊದಲ ಸಹಿ ಅವಳದೇ, ಆದ್ದರಿಂದ ದ್ವೇಷಕ್ಕೂ ಪುರಾವೆ ಸಿಕ್ಕಿತು. ಸ್ವಂತ ಮಗಳು ಕುಡಿಯುವ ನೀರಿಗೆ ತಾಯಿ ವಿಷ ಹಾಕುತ್ತಾಳೆಯೇ ಎಂದು ತಿಮ್ಮಪ್ಪ ಕೇಳಿದರು. ಭುವನಾ ಬಂಧನದ ಫಾರಂ ತುಂಬತೊಡಗಿದರು. ಸಂಜೆ 6.30ಕ್ಕೆ ಬಂಧನ. ಮರುದಿನ ನ್ಯಾಯಾಧೀಶರ ಮುಂದೆ ಹಾಜರು, ಅಲ್ಲಿಂದ ಚಿಕ್ಕಮಗಳೂರಿನ ಜೈಲು.

ಜೀಪು ಹತ್ತುವಾಗ ಅಂಜನಮ್ಮ ಕೇಳಿದ್ದು ಒಂದೇ. "ಮಗಳ ಹತ್ರ ಯಾರು ಇರ್ತಾರೆ ಮೇಡಂ?"

ಅದಕ್ಕೆ ಠಾಣೆಯಲ್ಲಿ ಯಾವ ರಿಜಿಸ್ಟರೂ ಇರಲಿಲ್ಲ.

ಏಪ್ರಿಲ್ 2ರಂದು ವರದಿಗಳು ಬಂದವು. ಭುವನಾ ಮೂರನ್ನೂ ಎರಡೆರಡು ಸಲ ಓದಿದರು. ಚೀಲದಲ್ಲಿದ್ದ ಪುಡಿ ಸುಣ್ಣ, ಬರೀ ಸುಣ್ಣ. ಟ್ಯಾಂಕಿನ ನೀರಿನಲ್ಲಿ ಲೀಟರಿಗೆ ಹದಿನೆಂಟು ಮಿಲಿಗ್ರಾಂ ಆರ್ಸೆನಿಕ್. ಹಳೆಯ ಕಾಲದಲ್ಲಿ ಪಾಷಾಣ ಎನ್ನುತ್ತಿದ್ದ ವಿಷ. ಕುಡಿಯುವ ನೀರಿನಲ್ಲಿ ಇರಬಹುದಾದ ಮಿತಿಗಿಂತ ಅದು ಸಾವಿರದ ಎಂಟುನೂರು ಪಟ್ಟು ಹೆಚ್ಚು. ಮೂರನೆಯದು ಬೆಳ್ಳಿಯಪ್ಪನವರ ಮರಣೋತ್ತರ ಪರೀಕ್ಷೆ: ಸಾವಿಗೆ ಕಾರಣ ಆರ್ಸೆನಿಕ್. ಕೊನೆಯಲ್ಲಿ ವೈದ್ಯರು ಒಂದು ಸಾಲು ಸೇರಿಸಿದ್ದರು. ಮೃತರ ಅಂಗೈ ಅಂಗಾಲುಗಳಲ್ಲಿ ಅಕ್ಕಿಕಾಳಿನಂಥ ಗಡಸು ಗಂಟುಗಳಿವೆ, ಇವು ತಿಂಗಳುಗಟ್ಟಲೆ ವಿಷ ಒಳಗೆ ಹೋದಾಗ ಏಳುವಂಥವು.

ತಿಂಗಳುಗಟ್ಟಲೆ. 20ನೇ ತಾರೀಕು ಸಂಜೆ ಸುರಿದ ಪುಡಿಯಿಂದ ಅಲ್ಲ.

ಭುವನಾ ಅವತ್ತೇ ಮಧ್ಯಾಹ್ನ ಜೈಲಿಗೆ ಹೋದರು. "ಕೈ ತೋರಿಸಿ," ಎಂದರು. ಅಂಜನಮ್ಮ ಎರಡೂ ಅಂಗೈ ಚಾಚಿದರು. ತುಂಬ ಗಂಟು.

"ಯಾವಾಗಿಂದ ಇದು?"

"ದೀಪಾವಳಿ ಹೊತ್ತಿಗೆ ಶುರುವಾಯ್ತು. ಕಾಫಿ ಕೊಯ್ದು ಕೊಯ್ದು ಆಗಿದ್ದು ಅಂದ್ಕೊಂಡಿದ್ವಿ. ಲೈನಲ್ಲಿ ಎಲ್ರಿಗೂ ಇದೆ."

"ಮಾರ್ಚ್ 23ಕ್ಕೆ ನನಗೆ ಯಾಕೆ ತೋರಿಸಲಿಲ್ಲ?"

"ನೀವು ಕೈ ಕೇಳ್ಲಿಲ್ಲ. ಸುಣ್ಣ ಕೇಳಿದ್ರಿ."

ಹತ್ತು ವರ್ಷ ಸರ್ವಿಸಿನ ಇನ್‌ಸ್ಪೆಕ್ಟರ್‌ಗೆ ಇದಕ್ಕಿಂತ ದೊಡ್ಡ ಮೆಮೊ ಬೇಕಿರಲಿಲ್ಲ. ಭುವನಾಗೆ ತಮ್ಮ ಮೇಲೇ ಹೇಸಿಗೆಯಾಯಿತು.

ಹಾಗಾದರೆ ಪಾಷಾಣ ಬಂದದ್ದೆಲ್ಲಿಂದ? ತಿಮ್ಮಪ್ಪ ಎರಡು ದಿನ ಮೂಡಿಗೆರೆ, ಬಣಕಲ್, ಕಳಸದ ಗೊಬ್ಬರ ಮತ್ತು ಔಷಧಿ ಅಂಗಡಿಗಳನ್ನೆಲ್ಲ ಸುತ್ತಿದರು. ಅದನ್ನು ಈಗ ಯಾರೂ ಮಾರುವುದಿಲ್ಲ. ಇಲಿ ಪಾಷಾಣ ಎಂದು ಕೊಡುವ ಡಬ್ಬಿಯಲ್ಲೂ ಇರುವುದು ಬೇರೆ ವಿಷ.

ಏಪ್ರಿಲ್ 4, ಬೆಳಿಗ್ಗೆ 10.15. ಇಬ್ಬರೂ ಮತ್ತೆ ಟ್ಯಾಂಕಿನ ಬಳಿಗೆ ಹತ್ತಿದರು. ಈ ಸಲ ಕಲ್ಲು ನೋಡಿದರು. ಹೊರಗೆ ತುಕ್ಕು ಹಿಡಿದ ಬಣ್ಣ, ಮಳೆ ತಾಗದ ಸಂದುಗಳಲ್ಲಿ ಹಸಿರು ಮಿಶ್ರಿತ ಬಿಳಿ ಬೂಷ್ಟಿನಂಥ ಪದರ. ತಿಮ್ಮಪ್ಪ ಒಂದು ಕಲ್ಲನ್ನು ಎತ್ತಿಟ್ಟು ಸುತ್ತಿಗೆಯಿಂದ ಬಡಿದರು. ಕಿಡಿ ಹಾರಿತು. ಒಳಗೆ ಬೆಳ್ಳಿಯಂತೆ ಹೊಳೆಯುವ ಗೆರೆಗಳು.

ತಿಮ್ಮಪ್ಪ ಮೂಗು ಅರಳಿಸಿದರು. "ಮೇಡಂ, ಎಂತದೋ ವಾಸನೆ."

ಭುವನಾ ಬಗ್ಗಿದರು. ಇನ್ನೊಂದು ಏಟು ಹೊಡೆಸಿದರು. ಬೆಳ್ಳುಳ್ಳಿ ಜಜ್ಜಿದ ವಾಸನೆ, ಸಂಶಯವೇ ಇಲ್ಲ. ಗುಡ್ಡದ ತಲೆಯ ಮೇಲೆ, ಅಡುಗೆಮನೆಯಿಂದ ಅರ್ಧ ಮೈಲಿ ದೂರದಲ್ಲಿ, ಕಲ್ಲು ಬೆಳ್ಳುಳ್ಳಿ ನಾರುತ್ತಿತ್ತು.

ಏಪ್ರಿಲ್ 6ರಂದು ಜಿಲ್ಲಾ ಕೇಂದ್ರದಿಂದ ಭೂವಿಜ್ಞಾನಿ ಸೌಜನ್ಯ ಬಂದರು. ಅವರು ಕಲ್ಲನ್ನು ಬಡಿದು ಮೂಸಿದ್ದು ಒಂದೇ ಸಲ.

"ಆರ್ಸೆನೋಪೈರೈಟ್," ಎಂದರು. "ಕಬ್ಬಿಣ, ಗಂಧಕ, ಆರ್ಸೆನಿಕ್ ಮೂರೂ ಕೂಡಿ ಆದ ಖನಿಜ."

"ವಿಷದ ಕಲ್ಲಾ?"

"ಗುಡ್ಡದೊಳಗೆ ಇದ್ದಷ್ಟು ದಿನ ಏನೂ ಮಾಡಲ್ಲ. ಗಾಳಿ ತಾಗದೆ ಕೋಟ್ಯಂತರ ವರ್ಷ ಸುಮ್ಮನೆ ಮಲಗಿರುತ್ತೆ. ಒಡೆದು ಹೊರಗೆ ಹಾಕಿದರೆ ಗಾಳಿ ನೀರು ಎರಡೂ ತಾಗುತ್ತೆ. ಕಬ್ಬಿಣ ತುಕ್ಕಾಗುತ್ತೆ, ಅದೇ ನಿಮ್ಮ ಕೆಂಪು. ಗಂಧಕ ಆಮ್ಲವಾಗುತ್ತೆ, ಅದು ಹುಳಿ. ಆರ್ಸೆನಿಕ್ ಬಿಡಿಸಿಕೊಂಡು ನೀರಿಗೆ ಇಳಿಯುತ್ತೆ. ಅದಕ್ಕೆ ಬಣ್ಣ ಇಲ್ಲ, ರುಚಿ ಇಲ್ಲ."

"ಒಂದೇ ದಿನ ಇಷ್ಟು ಜನ ಬಿದ್ದದ್ದು ಹೇಗೆ?"

"ಬೇಸಿಗೆಯಲ್ಲಿ ಕಲ್ಲಿನ ಮೇಲೆ ಈ ಉಪ್ಪು ಕಟ್ಟುತ್ತೆ ನೋಡಿ." ಸೌಜನ್ಯ ಬಿಳಿ ಹಸಿರು ಪದರವನ್ನು ಚಾಕುವಿನಿಂದ ಕೆರೆದರು. "ನಾಲ್ಕು ತಿಂಗಳ ವಿಷ ಇಲ್ಲಿ ಒಣಗಿ ಕೂತಿತ್ತು. ಮೊದಲ ಮಳೆ ಎಲ್ಲವನ್ನೂ ಒಂದೇ ಸಲ ತೊಳೆದು ಟ್ಯಾಂಕಿಗೆ ಬಿಟ್ಟಿತು."

"ನೀರು ಕುದಿಸಿ ಕುಡಿದಿದ್ದಾರೆ."

"ಕುದಿಸಿದರೆ ಹೋಗಲ್ಲ."

"ಸುಣ್ಣ ಹಾಕಿದ್ದಕ್ಕೆ ಹೆಚ್ಚಾಯ್ತಾ?"

"ಉಲ್ಟಾ. ಸುಣ್ಣ ಆಮ್ಲ ಮುರಿಯುತ್ತೆ, ಕಬ್ಬಿಣ ತಳಕ್ಕೆ ಕೂರುವಾಗ ಒಂದಷ್ಟು ಆರ್ಸೆನಿಕ್ ಅನ್ನೂ ಕಟ್ಟಿಕೊಂಡು ಹೋಗುತ್ತೆ. ಹಾಕದೆ ಇದ್ದಿದ್ದರೆ ನೀವು ಇನ್ನೂ ಹೆಣ ಎಣಿಸ್ತಿದ್ರಿ. ಯಾರು ಹಾಕಿದ್ದು?"

"ಆರೋಪಿ," ಎಂದರು ಭುವನಾ.

ಅಂದು ಸಂಜೆ ಭುವನಾ ಇದನ್ನೆಲ್ಲ ಮೇಲಧಿಕಾರಿಗೆ ವಿವರಿಸಿದರು. ಫೋನಿನ ಆ ಕಡೆಯಿಂದ ನಗು ಬಂತು. "ಕಲ್ಲಿಗೆ ಕೈಕೋಳ ಹಾಕ್ತೀರೇನ್ರೀ? ಸೆಷನ್ಸ್ ಕೋರ್ಟಲ್ಲಿ ನಿಂತು ಬೆಳ್ಳುಳ್ಳಿ ವಾಸನೆ ಅಂದ್ರೆ ಜಡ್ಜ್ ಎದ್ದು ಹೋಗ್ತಾರೆ. ಟ್ಯಾಂಕಿಗೆ ಕೈ ಹಾಕಿದವಳು ಒಬ್ಬಳೇ, ತಾನೇ ಒಪ್ಪಿಕೊಂಡಿದ್ದಾಳೆ. ಅವಳ ಮೇಲೆ ಚಾರ್ಜ್‌ಶೀಟ್ ಹಾಕಿ. ಇಲ್ಲ, ಬೇರೆ ಯಾರಿಗೋ ಇದು ಗೊತ್ತಿತ್ತು ಅನ್ನೋದಾದ್ರೆ ಆ ಯಾರೋ ಯಾರು ಅಂತ ತೋರಿಸಿ."

ಲೆಕ್ಕ ಸರಿಯಾಗಿಯೇ ಇತ್ತು. ಯಾರಿಗೂ ಗೊತ್ತಿರಲಿಲ್ಲವಾದರೆ ಅಂಜನಮ್ಮ ಜೈಲಿನಲ್ಲೇ ಇರಬೇಕು, ಮಗಳು ಆಸ್ಪತ್ರೆಯಲ್ಲಿ ಪಕ್ಕದ ಮಂಚದವರು ಕೊಟ್ಟ ಗಂಜಿ ಕುಡಿಯಬೇಕು. ಭುವನಾ ಮೊದಲ ದಿನದ ಟಿಪ್ಪಣಿ ತೆಗೆದರು. ಬಂಗಲೆಯಲ್ಲೂ ಇದೇ ನೀರು: ಹೌದು. ಬಂಗಲೆಯಲ್ಲಿ ಆರು ಜನ. ಒಬ್ಬರಿಗೂ ತಲೆನೋವು ಕೂಡ ಬಂದಿರಲಿಲ್ಲ. ಇದು ಎರಡು ವಾರದಿಂದ ಕಣ್ಣೆದುರೇ ಇತ್ತು.

ಏಪ್ರಿಲ್ 7ರ ಬೆಳಿಗ್ಗೆ ತಿಮ್ಮಪ್ಪ ಟ್ಯಾಂಕಿನಿಂದ ಹೊರಟ ಎರಡು ಪೈಪುಗಳ ಜಾಡು ಹಿಡಿದು ನಡೆದರು. ಒಂದು ಲೈನುಮನೆಗಳಿಗೆ ಹೋಗಿತ್ತು. ಇನ್ನೊಂದು ಬಂಗಲೆಯ ಕಡೆಗೆ. ಆದರೆ ಆ ಎರಡನೆಯದರ ಗೇಟ್‌ವಾಲ್ವ್ ಮುಚ್ಚಿತ್ತು, ತಿರುಗುವ ಚಕ್ರವನ್ನೇ ಬಿಚ್ಚಿ ತೆಗೆದಿದ್ದರು. ಬಂಗಲೆಯ ಹಿಂದೆ ಬೋರ್‌ವೆಲ್ಲಿನಿಂದ ಹೊಸ ಕಪ್ಪು ಪೈಪು ಬಂದಿತ್ತು. ಬೋರ್‌ವೆಲ್ಲಿನಿಂದ ಲೈನುಮನೆಗಳಿಗೆ ತಿಮ್ಮಪ್ಪ ಹೆಜ್ಜೆ ಹಾಕಿ ಅಳೆದರು: ಇನ್ನೂರು ಅಡಿ. ಅದೇ ಕಪ್ಪು ಪೈಪಿನ ಬಿಚ್ಚದ ಸುರುಳಿ ಸ್ಟೋರಿನ ಕಿಟಕಿಯಿಂದ ಕಾಣುತ್ತಿತ್ತು.

ಏಪ್ರಿಲ್ 9, ಬೆಳಿಗ್ಗೆ 7.30. ನ್ಯಾಯಾಲಯದ ವಾರಂಟಿನೊಂದಿಗೆ ಬಂಗಲೆಯ ಶೋಧ. ಪಂಚರಾಗಿ ಪೋಸ್ಟ್‌ಮ್ಯಾನ್ ಮತ್ತು ಪಂಚಾಯ್ತಿಯ ಬಿಲ್ ಕಲೆಕ್ಟರ್. ಜಯದೇವಪ್ಪ ಅಕ್ಕಿರೊಟ್ಟಿ ತಿನ್ನುತ್ತಿದ್ದ. ಎದ್ದೇಳಲಿಲ್ಲ.

"ಬೋರ್‌ವೆಲ್ ಪೈಪು ಯಾವಾಗ ಹಾಕಿಸಿದ್ರಿ?"

"ನೆನಪಿಲ್ಲ."

"ಯಾಕೆ ಹಾಕಿಸಿದ್ರಿ?"

"ಹೋಂಸ್ಟೇಗೆ ನೀರು ಸಾಲ್ತಿರ್ಲಿಲ್ಲ."

"ಒರತೆ ನೀರು ಪರೀಕ್ಷೆ ಮಾಡಿಸಿದ್ರಾ?"

"ಭೂಮಿ ತಾಯಿ ಕೊಟ್ಟ ನೀರು. ಅದನ್ನ ಪರೀಕ್ಷೆ ಮಾಡೋದಾ? ಕಲ್ಲೊಳಗೆ ಪಾಷಾಣ ಇದೆ ಅಂತ ಯಾರಿಗೆ ಕನಸು ಬಿದ್ದಿತ್ತು ಮೇಡಂ?"

ಎರಡು ಗಂಟೆ ಹುಡುಕಿದರೂ ಏನೂ ಸಿಗಲಿಲ್ಲ. ಆಫೀಸು ಕೋಣೆಯ ಒಂದು ಕಪಾಟು ಗುಡಿಸಿದಷ್ಟು ಖಾಲಿಯಿತ್ತು. ಬಚ್ಚಲಿನ ಹಂಡೆ ಒಲೆಯಲ್ಲಿ ಸೌದೆ ಬೂದಿಯ ಜೊತೆ ಕಾಗದದ ಬೂದಿ. ಶಶಿಕಿರಣ್ ಬಾಗಿಲ ಬಳಿ ನಿಂತು, ಒಳ್ಳೆಯ ಅಂಕ ಬಂದ ವಿದ್ಯಾರ್ಥಿಯ ಮುಖ ಮಾಡಿಕೊಂಡಿದ್ದ.

ಆಗ ತಿಮ್ಮಪ್ಪ ಕ್ಯಾಪು ತೆಗೆದು ಕೈಯಲ್ಲಿ ಹಿಡಿದು, ತೋಟದಲ್ಲಿ ಹುಟ್ಟಿ ಬೆಳೆದವರ ವಿನಯದಿಂದ ಕೇಳಿದರು. "ಯಜಮಾನ್ರೇ, ಹೋದ ವರ್ಷ ನಿಮ್ಮಲ್ಲಿ ಒಟ್ಟು ಎಷ್ಟು ಬಿತ್ತು? ಊರಲ್ಲಿ ನೂರಹತ್ತು ಇಂಚು ಅಂತಾರೆ. ನಂಗೆ ನಂಬಿಕೆ ಇಲ್ಲ."

"ನೂರಹತ್ತಾ?" ಜಯದೇವಪ್ಪ ರೊಟ್ಟಿ ಬಿಟ್ಟ. "ಯಾವನು ಹೇಳಿದ್ದು ಮಾರಾಯ? ನೂರ ಮೂವತ್ತೆರಡು ಇಂಚು ಅರವತ್ತು ಸೆಂಟ್. ತೋರಿಸ್ಲಾ?"

ಅವನೇ ಎದ್ದು ಹೋಗಿ ದೇವರ ಕೋಣೆಯಿಂದ ಮಳೆ ಪುಸ್ತಕ ತಂದ. ಬೆಳೆಗಾರರ ಮನೆಗಳಲ್ಲಿ ಮಳೆ ಅಳೆದು ಬರೆದಿಡುವ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ತಾರೀಕು, ಇಂಚು, ಪಕ್ಕದಲ್ಲಿ ಷರಾ ಎಂಬ ಸಣ್ಣ ಕಾಲಂ. ಅಂದು ತೋಟದಲ್ಲಿ ಏನು ನಡೆಯಿತೋ ಅದಕ್ಕೆ. ಈ ಮನೆಯಲ್ಲಿ 1951ರಿಂದ ಒಂದು ದಿನವೂ ತಪ್ಪಿಸಿರಲಿಲ್ಲ. ಶಶಿಕಿರಣನ ಮುಖದ ಅಂಕ ಇಳಿಯತೊಡಗಿತು.

ಭುವನಾ ಪುಸ್ತಕ ಕೈಗೆ ತೆಗೆದುಕೊಂಡು ಪಂಚರ ಎದುರು ಗಟ್ಟಿಯಾಗಿ ಓದಿದರು. 2024ರ ಜೂನ್ 14, 2.35 ಇಂಚು, ಒರತೆ ನೀರು ಕೆಂಪು. ಜುಲೈ 2, 4.10 ಇಂಚು, ಲೈನಿನವರು ಪಂಚಾಯ್ತಿಗೆ ಅರ್ಜಿ ಕೊಟ್ಟರು. ಆಗಸ್ಟ್ 19, 1.60 ಇಂಚು, ಲ್ಯಾಬ್ ರಿಪೋರ್ಟ್ ಬಂತು, ನೀರಿನಲ್ಲಿ ಪಾಷಾಣ, ಗುಡ್ಡ ಕಟಿಂಗಿನ ಕಲ್ಲಿನದು. ಆಗಸ್ಟ್ 22, 0.90 ಇಂಚು, ಬಂಗಲೆ ಬೋರಿಗೆ ಬದಲು, ಲೈನ್ ಹಾಗೇ ಇರಲಿ.

ಪೋಸ್ಟ್‌ಮ್ಯಾನ್ ಹಿಂದಕ್ಕೆ ಸರಿದು ಗೋಡೆಗೆ ಒರಗಿದ.

"ಇದು ನಿಮ್ಮ ಅಕ್ಷರವಾ?"

ಜಯದೇವಪ್ಪ ಪುಸ್ತಕ ವಾಪಸು ಕೊಡಿ ಎಂಬಂತೆ ಕೈ ಚಾಚಿದ.

"ಕಾಗದ ಎಲ್ಲಾ ಸುಟ್ಟಿದ್ದೀರಿ. ಈ ಹಾಳೆ ಯಾಕೆ ಹರಿಯಲಿಲ್ಲ?"

ಅವನು ನಿಜವಾಗಿಯೂ ದಂಗಾದ. "ಮಳೆ ಪುಸ್ತಕ ಹರಿಯೋದಾ?"

ಒಬ್ಬ ಹೆಂಗಸನ್ನು ಸುಳ್ಳು ಹೇಳಿ ಜೈಲಿಗೆ ಕಳಿಸಲು ಈ ಮನುಷ್ಯನಿಗೆ ಎಲ್ಲೂ ಅಡ್ಡಿಯಾಗಿರಲಿಲ್ಲ. ಹನ್ನೆರಡು ಲೈನುಮನೆಗಳಿಗೆ ವಿಷದ ನೀರು ಹರಿಸಿಕೊಂಡು ದಿನಾ ಮೂರು ಹೊತ್ತು ಉಂಡಿದ್ದಾನೆ. ತಾತನ ಕಾಲದ ಪುಸ್ತಕದ ಒಂದು ಹಾಳೆ ಹರಿಯುವುದು ಮಾತ್ರ ಅವನ ಸಂಸ್ಕಾರಕ್ಕೆ ಒಗ್ಗಲಿಲ್ಲ. ಬೆಳಿಗ್ಗೆ 10.40ಕ್ಕೆ ಬಂಧನ.

ಮಧ್ಯಾಹ್ನ ಠಾಣೆಯಲ್ಲಿ ಶಶಿಕಿರಣನ ಸರದಿ. ಭುವನಾ ದೂರಿನ ಪ್ರತಿಯನ್ನು ಮೇಜಿನ ಮೇಲಿಟ್ಟು, ನೀಲಿ ಪೆನ್ನಿನ ಜಾಗಕ್ಕೆ ಬೆರಳಿಟ್ಟರು.

"ಇದು ಟೈಪ್ ಮಾಡಿದ್ದು ಯಾವಾಗ?"

"ಇಪ್ಪತ್ತಮೂರನೇ ತಾರೀಕು ಬೆಳಿಗ್ಗೆ."

"ಕಂಪ್ಯೂಟರ್ ನಮ್ಮ ಹತ್ರ ಇದೆ."

ಅವನು ನೀರು ಕೇಳಿದ. ಕೊಟ್ಟರು. ಲೋಟವನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿಯೇ ಕುಡಿದ.

"ಇಪ್ಪತ್ತೆರಡು, ಸಂಜೆ."

"ಆಗ ಬೆಳ್ಳಿಯಪ್ಪ ಬದುಕಿದ್ರು."

"ಹೌದು."

"ಎಲ್ಲರೂ ಬದುಕಿದ್ರು."

"ಯಜಮಾನ್ರು ಹೇಳಿದ್ರು... ಒಬ್ರಾದ್ರೂ ಹೋಗ್ತಾರೆ, ಹೆಸರಿಗೆ ಜಾಗ ಬಿಡು ಅಂತ."

ತಿಮ್ಮಪ್ಪ ಹೊರಗೆ ಹೋಗಿ ಉಗಿದು ಬಂದರು. ಶಶಿಕಿರಣನನ್ನೂ ಎರಡನೇ ಆರೋಪಿ ಎಂದು ಬರೆದು ಬಂಧಿಸಲಾಯಿತು. ಕಲಂ 103 ತೆಗೆದು 105, ಅಂದರೆ ಕೊಲೆಯಲ್ಲದ ನರಹತ್ಯೆ, ಹಾಕಿ, ಸುಳ್ಳು ಆರೋಪ ಹೊರಿಸಿದ್ದಕ್ಕೆ ಮತ್ತು ಸಾಕ್ಷ್ಯ ನಾಶಕ್ಕೆ ಬೇರೆ ಕಲಂ ಸೇರಿಸಲು ನ್ಯಾಯಾಲಯಕ್ಕೆ ವರದಿ ಹೋಯಿತು. ಅಂಜನಮ್ಮನ ಬಿಡುಗಡೆಗೆ ಪ್ರತ್ಯೇಕ ವರದಿ. ಅದನ್ನು ಭುವನಾ ತಾವೇ ಕೈಯಿಂದ ಬರೆದರು.

ಅದೇ ಸಂಜೆ 5 ಗಂಟೆಗೆ ಜಯದೇವಪ್ಪನ ಹೇಳಿಕೆ. ಠಾಣೆಯ ಮರದ ಬೆಂಚಿನ ಮೇಲೆ ಅವನು ಇನ್ನೂ ಬೆತ್ತದ ಕುರ್ಚಿಯಲ್ಲಿ ಕೂತವನ ಹಾಗೆಯೇ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ಪೈಪು ಸ್ಟೋರಲ್ಲೇ ಇತ್ತು. ಆಳುಗಳೂ ಇದ್ರು. ಒಂದು ಬೆಳಿಗ್ಗೆಯ ಕೆಲಸ. ಯಾಕೆ ಹಾಕಿಸಲಿಲ್ಲ?"

ಅವನು ಮೇಲಿದ್ದ ಕಾಲನ್ನು ಕೆಳಗಿಳಿಸಿದ. ಆಮೇಲೆ, "ಅವ್ರು ಪಂಚಾಯ್ತಿಗೆ ಹೋದ್ರು," ಎಂದ.

"ಹೋದ್ರೆ?"

"ನಮ್ಮ ಅಜ್ಜ, ಅಪ್ಪ ಇದ್ದಾಗ ತೋಟದ ಮಾತು ತೋಟದಲ್ಲೇ ಮುಗೀತಿತ್ತು. ಅರ್ಜಿ ಅಂತೆ. ಸಹಿ ಅಂತೆ. ನಾನೇನು ಸತ್ತಿದ್ನಾ? ನನ್ನ ಹತ್ರ ಬಂದು ಯಜಮಾನ್ರೇ ನೀರು ಸರಿ ಇಲ್ಲ ಅಂತ ಒಂದು ಮಾತು ಹೇಳ್ಬೇಕಿತ್ತು. ಮರುದಿನವೇ ಪೈಪು ಹಾಕಿಸ್ತಿದ್ದೆ. ಆ ಪೈಪು ತಂದಿದ್ದೇ ಅದಕ್ಕೆ."

"ಹೇಳ್ಲಿ ಅಂತ ಕಾದ್ರಾ?"

"ಕಾದೆ."

"ಏಳು ತಿಂಗಳು?"

"ಬರ್ಲಿಲ್ಲ. ಅಷ್ಟು ಸೊಕ್ಕು." ಅವನ ಕಣ್ಣಲ್ಲಿ ನೀರು ಬಂತು. ಅದು ಬೆಳ್ಳಿಯಪ್ಪನವರಿಗಾಗಿ ಅಲ್ಲ. ತನಗೆ ಸಲ್ಲಬೇಕಾದ ಒಂದು ಕೈಮುಗಿತ ಸಲ್ಲಲಿಲ್ಲವೆಂದು, ಅರವತ್ತಮೂರರ ಗಂಡಸು, ಪೊಲೀಸ್ ಠಾಣೆಯಲ್ಲಿ ಕೂತು ಅತ್ತ. ಭುವನಾ ಹೇಳಿಕೆಯನ್ನು ಅವನು ಹೇಳಿದಂತೆಯೇ ಬರೆದುಕೊಂಡರು. ಅದರಲ್ಲಿ ಸೇರಿಸುವಂಥದ್ದೂ ಇರಲಿಲ್ಲ, ತೆಗೆಯುವಂಥದ್ದೂ ಇರಲಿಲ್ಲ.

ಏಪ್ರಿಲ್ 11, ಸಂಜೆ 5.20. ಚಿಕ್ಕಮಗಳೂರು ಜೈಲಿನ ಬಾಗಿಲಲ್ಲಿ ಭುವನಾ ತಾವೇ ಜೀಪು ತಂದು ಕಾದರು. ಅಂಜನಮ್ಮ ಹೊರಗೆ ಬಂದವರು ಮೊದಲು ಮಗಳನ್ನು ಕೇಳಿದರು. ಮಗಳು ಎದ್ದು ನಡೆಯುತ್ತಿದ್ದಾಳೆ, ಕಾಲು ಇನ್ನೂ ಜುಮ್ಮೆನ್ನುತ್ತಿದೆ, ಔಷಧಿ ತಿಂಗಳುಗಟ್ಟಲೆ ಬೇಕು ಎಂದು ಭುವನಾ ಇದ್ದದ್ದು ಇದ್ದಂತೆ ಹೇಳಿದರು. ಅವರನ್ನು ಜೀಪಿಗೆ ಹತ್ತಿಸಿಕೊಂಡು ಭುವನಾ ಹೊರಟರು.

"ತಪ್ಪು ನನ್ನದು," ಎಂದರು ದಾರಿಯಲ್ಲಿ.

ಅಂಜನಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದರು.

"ಒಂದು ಪ್ರಶ್ನೆ ಬಾಕಿ ಇದೆ, ದಾಖಲೆಗೆ. ಪಂಚಾಯ್ತಿಗೆ ಹೋಗೋ ಮುಂಚೆ ನೀವು ಯಾರೂ ಯಜಮಾನರ ಹತ್ರ ಹೋಗಿ ಕೇಳಲಿಲ್ವಾ?"

"ಕೇಳ್ದೆ ಇರ್ತೀವಾ ಮೇಡಂ? ಮೂರು ಸಲ ಹೋಗಿದ್ವಿ. ನಾನು, ಬೆಳ್ಳಿಯಪ್ಪಣ್ಣ. ಆ ಕೆಂಪು ನೀರು ಬಾಟ್ಲಿಗೆ ಹಿಡ್ಕೊಂಡು ಹೋಗಿ ಅಂಗಳದಲ್ಲಿ ನಿಂತಿದ್ವಿ. ಮೂರನೇ ಸಲ ಮಧ್ಯಾಹ್ನದವರೆಗೂ ನಿಂತಿದ್ವಿ."

"ಅವರು ಮನೇಲಿ ಇರಲಿಲ್ವಾ?"

"ಇದ್ರು. ವರಾಂಡದಲ್ಲೇ ಕೂತಿದ್ರು, ಎದುರಿಗೇ. ಬೆಳ್ಳಿಯಪ್ಪಣ್ಣ ಎರಡು ಸಲ ಕೂಗಿ ಹೇಳ್ದ. ಅವ್ರು ನಮ್ಮ ಕಡೆಗೇ ನೋಡ್ತಿದ್ರು. ಆದ್ರೆ ಅಲ್ಲಿ ಯಾರೋ ನಿಂತಿದ್ದಾರೆ ಅಂತ ಅವ್ರಿಗೆ ಅನ್ಸಿದ್ ಹಾಗೆ ಕಾಣ್ಲಿಲ್ಲ."

ಭುವನಾ ಜೀಪು ನಿಲ್ಲಿಸಿ ಆ ಮಾತನ್ನು ಅಕ್ಷರಶಃ ಬರೆದುಕೊಂಡು, ಓದಿ ಹೇಳಿ, ಸಹಿಗೆ ಪೆನ್ನು ಕೊಟ್ಟರು. ಅಂಜನಮ್ಮನ ಬೆರಳುಗಳು ಮರಗಟ್ಟಿದ್ದವು, ಪೆನ್ನು ಎರಡು ಸಲ ಜಾರಿ ಬಿತ್ತು. ಪಂಚಾಯ್ತಿಯ ಅರ್ಜಿಗೆ ದುಂಡಗೆ ಮೊದಲ ಸಹಿ ಹಾಕಿದ್ದ ಹೆಂಗಸು ಹೇಳಿಕೆಯ ಕೆಳಗೆ ಹೆಬ್ಬೆಟ್ಟು ಒತ್ತಿದರು.